ಬೈಗುಳದ ಪಾಲು

ಅಡುಗೆಮನೆಯಲ್ಲಿ ಜಗಳ ಚೆನ್ನಾಗಿ ಹತ್ತಿಕೊಂಡಿತ್ತು. ಆದ್ದರಿಂದ ಸೋಮು ಒಳಗೆ ಹೋಗದೆ ಬಚ್ಚಲಿನ ಪಕ್ಕದ ತೆಂಗಿನ ಮರಕ್ಕೆ ಒರಗಿ ನಿಂತ. ಬಾಯಲ್ಲಿ ಬ್ರಷ್ಷಿತ್ತು, ಆದರೆ ಉಜ್ಜುತ್ತಿರಲಿಲ್ಲ. ಉಜ್ಜಿದರೆ ಒಳಗಿನ ಮಾತು ಅರ್ಧಂಬರ್ಧ ಕೇಳಿಸುತ್ತದೆ, ಅರ್ಧಂಬರ್ಧ ಜಗಳ ಕೇಳುವುದಕ್ಕಿಂತ ಕೇಳದಿರುವುದೇ ಮೇಲು ಎನ್ನುವುದು ಹೆಂಡತಿಯ ಮನೆಗೆ ಬಂದ ಈ ನಾಲ್ಕು ವರ್ಷಗಳಲ್ಲಿ ಅವನು ಕಂಡುಕೊಂಡ ಸತ್ಯಗಳಲ್ಲಿ ಒಂದು. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಒಲೆಕಟ್ಟೆಯ ಬೆಚ್ಚಗಿನ ಮೂಲೆಯಲ್ಲಿಡದೆ ಕಿಟಕಿಯಲ್ಲಿ ಬಿಟ್ಟವರು ಯಾರು ಎಂಬುದು ಇವತ್ತಿನ ವಿಷಯ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಾರವಾಡಕ್ಕೆ ಚಳಿಗಾಲ ಬಂತು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಸಮುದ್ರದ ಪಕ್ಕ ಇರುವವರಿಗೆ ಚಳಿ ಮೈಗೆ ಬರುವ ಮೊದಲು ಬಾಟಲಿಗೆ ಬರುತ್ತದೆ. "ಕಿಟ್ಕೀಲಿ ಇಡ್ಬೇಡಾ ಹೇಳಿ ನಾ ಹೇಳ್ಲಿಲ್ವಾ?" ಎಂದು ಅತ್ತೆ ಕಾಶಿಯ ದನಿ. "ಆಯೀ, ನಾ ತಲೆಗೆ ಎಣ್ಣೆ ಹಚ್ಚದೇ ವಾರ ಆಯ್ತು," ಎಂದು ಅವಳ ಮಗ ನಿತೇಶ. "ಅದಕ್ಕೇ ತಲೆ ಹಿಂಗಾಗದೆ. ಒಳ್ಗೂ ಒಣಗದೆ, ಹೊರ್ಗೂ ಒಣಗದೆ." "ಅಪ್ಪನೇ ಇಟ್ಟಿದ್ದು, ಮೊಣಕಾಲಿಗೆ ಹಚ್ಕಂಡಿ." ಇಷ್ಟಕ್ಕೆ ಜಗಲಿಯಿಂದ ಮಾವ ಪುಂಡಲೀಕನ ಗುಡುಗು: "ನನ್ ಮೊಣಕಾಲಿನ ಸುದ್ದಿಗೆ ಬಂದ್ರೆ ನೋಡು ಮತ್ತೆ!" ಸೋಮುವಿನ ಹೆಂಡತಿ ಪ್ರಗತಿ ಎಲ್ಲೋ ಹಿಂದಿನಿಂದ ನಕ್ಕಳು, ನಕ್ಕಿದ್ದಕ್ಕೆ ಅವಳಿಗೂ ಒಂದು ಬೈಗುಳ ಬಿತ್ತು, ಅವಳು ತಿರುಗಿ ಕೊಟ್ಟಳು. ನಾಲ್ಕೂ ದನಿ ಒಂದರ ಮೇಲೊಂದು ಬಿದ್ದು ಏಳುತ್ತಿದ್ದ ಆ ಗಳಿಗೆಯಲ್ಲಿ ಇಡೀ ಮನೆ ಒಂದೇ ಮೈಯಂತೆ ಬೆಚ್ಚಗಿದೆ ಎಂದು ಅವನಿಗೆ ಅನ್ನಿಸಿತು. ಆಸೆ ತಡೆಯದೆ ಬಾಯಿ ತೊಳೆದು ಹೊಸ್ತಿಲು ದಾಟಿದ.

ಜಗಳ ನಿಂತಿತು. ಸೊಳ್ಳೆಪರದೆ ಇಳಿಬಿಟ್ಟಂತೆ ಎಲ್ಲರ ಮುಖದ ಮೇಲೂ ಒಂದು ಮರ್ಯಾದೆ ಇಳಿಯಿತು. ಕಾಶಿ ಸೆರಗು ಸರಿಮಾಡಿಕೊಂಡಳು. "ಬನ್ನಿ ಬನ್ನಿ, ನೀರ್ ಕಾದದೆ. ಮೊದ್ಲು ನಿಮ್ಮ ಸ್ನಾನ ಆಗ್ಲಿ." ನಿತೇಶ ಹೆಗಲಿಗೆ ಹಾಕಿಕೊಂಡಿದ್ದ ಟವೆಲನ್ನು ತೆಗೆದು ಮೊಳೆಗೆ ತೂಗುಹಾಕಿದ, ಅವನ ಸ್ನಾನ ಇನ್ನು ಯಾವಾಗಲೋ, ಹಂಡೆಯ ತಳದ ಉಗುರುಬೆಚ್ಚಗಿನ ನೀರಿನಲ್ಲಿ. "ನಂಗೇನೂ ಅವಸರ ಇಲ್ಲ, ನಿತೇಶ ಮಾಡ್ಲಿ," ಎಂದ ಸೋಮು. "ಅಯ್ಯೋ, ಅದೆಂತದು ಭಾವಾ, ನೀವು ಹೋಗಿ," ಎಂದ ನಿತೇಶ. ಎಷ್ಟು ವಿನಯದಿಂದ ಎಂದರೆ, ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಪರ ಊರಿನವನಿಗೂ ಅವನು ಇಷ್ಟು ವಿನಯ ತೋರಿಸುತ್ತಿರಲಿಲ್ಲ.

ಹೀಗೆ ಮರ್ಯಾದೆಯಿಂದ ಸಾಯಿಸುವ ಜನ ಇವರು ಎಂದು ಯಾರ ಹತ್ತಿರ ಹೇಳುವುದು? ಹೇಳಿದರೆ ನಗುತ್ತಾರೆ. ಹೆಂಡತಿಯ ಮನೆಯಲ್ಲಿ ಉಳಿದ ಗಂಡಸಿಗೆ ಏನೇನು ಅವಮಾನ ಆಗುತ್ತದೆಂದು ಅವನು ಕೇಳಿ ತಿಳಿದಿದ್ದನೋ, ಅದೆಲ್ಲಕ್ಕೂ ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದ. ಒಂದು ಮಾತು, ಒಂದು ಕೊಂಕು, ಬಡಿಸುವಾಗ ಸೌಟಿನ ಒಂದು ಸದ್ದು. ಏನೂ ಆಗಲಿಲ್ಲ. ಬಂದ ದಿನ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯನ್ನು ಇವತ್ತಿಗೂ ಕೊಡುತ್ತಿದ್ದಾರೆ. ಮೀನಿನ ನಡುತುಂಡು ಅವನಿಗೆ. ಬಾಲ ನಿತೇಶನಿಗೆ, ಪ್ರಗತಿಗೆ, ಸಾರಿನಲ್ಲಿ ಕರಗಿದ್ದು ಕಾಶಿಗೆ. ಹಿಂದಿನ ತಿಂಗಳು ಅವನು ಕಾಶಿಯ ಮಣ್ಣಿನ ಗಡಿಗೆ ಒಡೆದ. ಬಂಗಡೆ ಸಾರು ಮಾಡಲೆಂದೇ ಇಟ್ಟಿದ್ದ, ಅವಳ ಅತ್ತೆಯ ಕಾಲದ, ಹೊಗೆ ಕುಡಿದು ಕಪ್ಪಾದ ಗಡಿಗೆ. ನೀರು ಕುಡಿಯಲು ಹೋಗಿ ಮೊಣಕೈ ತಾಗಿತು, ಅಷ್ಟೆ. ಚೂರುಗಳ ನಡುವೆ ನಿಂತು ಕಾದ. ಕಾಶಿ ಬಂದಳು, ನೋಡಿದಳು. ಅವಳ ಕುತ್ತಿಗೆಯ ನರ ಒಮ್ಮೆ ಉಬ್ಬಿ, ಇಳಿಯಿತು. "ಹೋಗ್ಲಿ ಬಿಡಿ. ಹಳೇದಾಗಿತ್ತು," ಎಂದಳು. ಮಾರನೆಯ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಕ್ಕಿಗೆ ಬೈದಳು. ಬೆಕ್ಕು ಮಾಡಿದ್ದೇನು ಎಂಬುದು ಕೊನೆಗೂ ತಿಳಿಯಲಿಲ್ಲ. ಬೆಕ್ಕಿಗೂ ತಿಳಿದಂತೆ ಕಾಣಲಿಲ್ಲ. ಸೋಮು ಜಗಲಿಯ ಕುರ್ಚಿಯಲ್ಲಿ ಕೂತು ತನಗೆ ಸಲ್ಲಬೇಕಾದ ಒಂದೊಂದು ಮಾತೂ ಆ ಮೂಕ ಪ್ರಾಣಿಯ ಪಾಲಾಗುವುದನ್ನು ಕೇಳಿಸಿಕೊಂಡ. ಅವನ ಮಗಳು ಪ್ರೇಕ್ಷಾ ಕೂಡ ಅವನಿಗಿಂತ ಭಾಗ್ಯವಂತೆ. ಅಂಗನವಾಡಿಗೆ ಹೋಗುವ ಆ ಚೋಟುದ್ದದ ಹುಡುಗಿಗೆ ದಿನಕ್ಕೆ ಹತ್ತು ಸಲ "ಮಂಗನಂಥವ್ಳೇ" ಎಂಬ ಬಿರುದು ಸಿಗುತ್ತದೆ, ಸಿಕ್ಕ ಮೇಲೆ ಅವಳು ಅಜ್ಜಿಯ ಸೆರಗಿನಲ್ಲೇ ಮೂಗು ಒರೆಸುತ್ತಾಳೆ.

ಬಾಳೆಗುಳಿಯ ಹತ್ತಿರ ಅವನದೇ ಮನೆಯಿದ್ದ ಜಾಗದಲ್ಲಿ ಈಗ ಲಾರಿಗಳು ಗೇರು ಬದಲಿಸುತ್ತವೆ. ರಸ್ತೆ ಅಗಲವಾಯಿತು, ಅಣ್ಣ ಕುಮಾರ ಒಳಗೆ ಗದ್ದೆಯ ಅಂಚಿಗೆ ಎರಡು ಕೋಣೆಯ ಮನೆ ಕಟ್ಟಿಕೊಂಡ, ಸೋಮು ಮಳೆಗಾಲ ಮುಗಿಯುವ ತನಕ ಎಂದು ಹೆಂಡತಿಯ ಮನೆಗೆ ಬಂದವನು ನಾಲ್ಕು ಮಳೆಗಾಲ ಮುಗಿಸಿದ್ದ. ಗದ್ದೆ ಕೊಯ್ಲಾಗಿ ಈ ದಿನಗಳಲ್ಲಿ ಅಲ್ಲಿ ಶೇಂಗಾ ಹಾಕಲು ಮಣ್ಣು ಹದ ಮಾಡುತ್ತಾರೆ, ಬೆಳಿಗ್ಗೆ ಆ ಮಣ್ಣಿನಿಂದ ಉಸಿರು ಬಿಟ್ಟಂತೆ ಹೊಗೆ ಏಳುತ್ತದೆ. ಹುಡುಗನಾಗಿದ್ದಾಗ ಬೀಜದ ಶೇಂಗಾ ಕದ್ದು ತಿಂದನೆಂದು ಹೆತ್ತ ಅವ್ವಿ ಕೈಯಲ್ಲಿದ್ದ ಸೌಟನ್ನೇ ಎಸೆದಿದ್ದಳು. ಸೌಟು ಕಿವಿಯ ಪಕ್ಕ ಹಾದು ಹೋದ ಗಾಳಿ ಈಗಲೂ ನೆನಪಿದೆ. ಅದಕ್ಕಿಂತ ನೆನಪಿರುವುದು, ಗುರಿ ತಪ್ಪಿತೆಂದು ಅವಳೇ ನಕ್ಕಿದ್ದು, ಸೌಟು ಹೆಕ್ಕಿಕೊಂಡು ಬಾ ಎಂದು ಅವನನ್ನೇ ಕಳಿಸಿದ್ದು. ಮೊನ್ನೆ ಅಣ್ಣನ ಮನೆಗೆ ಹೋದಾಗ ಅದೇ ಅವ್ವಿ ಚಹಾಕ್ಕೆ ಕಪ್ಪಿನ ಕೆಳಗೆ ಬಸಿ ಇಟ್ಟು ಕೊಟ್ಟಳು. "ಉಂಡ್ಕಂಡೇ ಹೋಗಾ," ಎಂದಳು. ಹೋಗಾ. ಅಂದರೆ ಹೋಗುವವನು. ಒಬ್ಬ ಮನುಷ್ಯ ಎರಡು ಮನೆಯಲ್ಲಿ ನೆಂಟನಾದರೆ ಅವನು ಮಲಗಿ ಏಳುವುದಾದರೂ ಎಲ್ಲಿ ಎಂದು ಅವನು ಬಸಿಯ ಅಂಚಿನ ಹೂವುಗಳನ್ನೇ ನೋಡುತ್ತ ಕೂತಿದ್ದ.

ಬಚ್ಚಲಲ್ಲಿ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ ಕೆಂಪಗೆ ಉರಿಯುತ್ತಿತ್ತು. ಬೂದಿಯಲ್ಲಿ ಯಾರೋ ಗೆಣಸು ಹುಗಿದಿದ್ದರು, ಸುಟ್ಟ ಸಿಹಿಯ ವಾಸನೆ. ಈ ಮೊದಲ ನೀರಿನ ಸುಖವನ್ನು ಸುಳ್ಳೆನ್ನುವ ಹಾಗಿಲ್ಲ ಎಂದು ಅವನು ತಪ್ಪಿತಸ್ಥನಂತೆ ಒಪ್ಪಿಕೊಂಡ. ಬೆನ್ನಿನ ಮೇಲೆ ಒಂದು ತಂಬಿಗೆ ಬಿದ್ದರೆ ಅಂಗಡಿಯ ಪಂಪುಗಳೆಲ್ಲ ಮೈಯಿಂದ ಇಳಿದು ಹೋಗುತ್ತವೆ. ಅಂಕೋಲೆಯಲ್ಲಿ ಅವನು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಬಾವಿಯೊಳಗಿನಿಂದ ಪಂಪು ಎತ್ತುವುದರಲ್ಲಿ ತಾಲೂಕಿನಲ್ಲೇ ಅವನ ಕೈ ಗಟ್ಟಿ ಎಂದು ಹೆಸರಿದೆ. ಈ ಮನೆಯಲ್ಲಿ ಅದನ್ನು ಕೇಳಿದವರಿಲ್ಲ, ಇಲ್ಲಿ ಎತ್ತಬೇಕಾದದ್ದೆಲ್ಲ ಸಮುದ್ರದಲ್ಲಿದೆ. ಎರಡನೆಯ ತಂಬಿಗೆ ಎತ್ತುವಾಗ ದಂಡೆಯ ಕಡೆಯಿಂದ ಕೂಗು ಎದ್ದಿತು. ಮೊದಲು ಒಂದು ಕಂಠ, ಆಮೇಲೆ ಹತ್ತು. "ಬಂಗ್ಡೇ! ಬಂಗ್ಡೆ ಬಂತೋ!" ಮನೆಯೊಳಗೆ ಪಾತ್ರೆ ಬಿದ್ದ ಸದ್ದು, ಓಡಿದ ಸದ್ದು. ಪುಂಡಲೀಕ ಈ ದಂಡೆಯ ಬಲೆಗೆ ತಾಂಡೇಲ, ಬಲೆ ಬಿಡುವ ಹೊತ್ತು ಹೇಳುವವನು, ಎಳೆಸುವವನು, ಪಾಲು ಹಾಕುವವನು. ಅವನ ನೋಯುವ ಮೊಣಕಾಲು ಬಾಗಿಲು ದಾಟಿ ಓಡುವುದು ಬಚ್ಚಲ ಕಿಂಡಿಯಿಂದ ಕಂಡಿತು. ಸೋಮು ಒದ್ದೆ ಮೈಗೆ ಲುಂಗಿ ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆಯಿದ್ದಂತೆಯೇ ಹಿಂದೆ ಓಡಿದ.

ದಂಡೆಯಲ್ಲಿ ಅವನ ಜಾಗ ಯಾವುದೆಂದು ಊರಿಗೆಲ್ಲ ಗೊತ್ತು. ಮಗುಚಿದ ದೋಣಿಯ ನೆರಳು. ಬಲೆ ಎಳೆಯುವಾಗ ಹಗ್ಗಕ್ಕೆ ಯಾರು ಕೈ ಹಚ್ಚಿದರೂ ಅವರಿಗೊಂದು ಪಾಲು ಎನ್ನುವುದು ಇಲ್ಲಿಯ ಪದ್ಧತಿ. ದಾರಿಯಲ್ಲಿ ಹೋಗುವವನು ನಿಂತು ಎಳೆದರೂ ಪಾಲು, ಹೆಂಗಸು ಎಳೆದರೂ ಪಾಲು, ಕುಡಿದವನು ಹಗ್ಗಕ್ಕೆ ಜೋತುಬಿದ್ದರೂ ಪಾಲು. ತಾಂಡೇಲನ ಅಳಿಯ ಮಾತ್ರ ಎಳೆಯುವ ಹಾಗಿಲ್ಲ. ಪ್ರತಿ ಸಲವೂ ಅವನು ಎದ್ದು ನಿಂತರೆ ನಿತೇಶ, "ಭಾವಾ, ನೀವು ಕುತ್ಕಣಿ, ಕೈ ಹರೀತದೆ," ಎನ್ನುತ್ತಿದ್ದ. ಆಮೇಲೆ ಪಾಲಿನಿಂದಲ್ಲ, ಮಾವನ ಬುಟ್ಟಿಯಿಂದ ಆರಿಸಿದ ನಾಲ್ಕು ದೊಡ್ಡ ಮೀನು ಬಾಳೆಲೆಯಲ್ಲಿ ಅವನ ಕೈಗೆ ಬರುತ್ತಿತ್ತು. ಇವತ್ತು ನಿತೇಶ ಮೊದಲ ಕೂಗಿಗೇ ಓಡಿಹೋಗಿ ದೋಣಿ ಹತ್ತಿದ್ದ. ದೋಣಿ ಬಲೆ ಬಿಡುತ್ತ ಅರ್ಧ ಸುತ್ತು ಹಾಕಿ ಬಂದು ಎರಡನೆಯ ಹಗ್ಗದ ತುದಿಯನ್ನು ದಂಡೆಗೆ ಎಸೆದಿತ್ತು. ಗಟ್ಟಿಮುಟ್ಟಾದ ಹುಡುಗರು ಬಹಳಷ್ಟು ಮಂದಿ ಕಾರವಾರದ ಬಂದರಿಗೆ ದೊಡ್ಡ ಬೋಟಿನ ಕೆಲಸಕ್ಕೆ ಹೋಗಿದ್ದರು. ತೆಂಕಣ ಹಗ್ಗದ ಬಾಲದಲ್ಲಿ ಜನ ಇರಲಿಲ್ಲ, ಎಲ್ಲರ ಕಣ್ಣೂ ನೀರಿನ ಮೇಲೆ. ಸೋಮು ಹೋಗಿ ಹಗ್ಗ ಹಿಡಿದ. ಯಾರೂ ತಡೆಯಲಿಲ್ಲ, ಯಾರೂ ನೋಡಲೇ ಇಲ್ಲ.

ಹಗ್ಗ ತಣ್ಣಗಿತ್ತು, ಉಪ್ಪಿನಿಂದ ಒರಟಾಗಿತ್ತು, ಮತ್ತು ಜೀವಂತವಾಗಿತ್ತು. ಬಾವಿಯ ಹಗ್ಗದ ತುದಿಯಲ್ಲಿ ಕಬ್ಬಿಣ ಇರುತ್ತದೆ, ಸತ್ತ ಭಾರ. ಇದರ ಆ ತುದಿಯಲ್ಲಿ ಏನೋ ಯೋಚಿಸುತ್ತಿತ್ತು. ಮುಂದಿನವರ ಬೆನ್ನುಗಳು ಒಟ್ಟಿಗೆ ಬಾಗಿ ಒಟ್ಟಿಗೆ ಹಿಂದೆ ಸರಿದವು, ಅವನದೂ ಸರಿಯಿತು. ಒದ್ದೆ ಮೈಗೆ ಚಳಿಗಾಳಿ ಹೊಡೆದು ರೋಮ ಎದ್ದಿತ್ತು, ಹಿಮ್ಮಡಿ ಮರಳಿನಲ್ಲಿ ಹೂತು ಏಳುತ್ತಿತ್ತು, ಗುಡ್ಡದ ತಲೆಯಿಂದ ಸೂರ್ಯ ಈಗ ತಾನೆ ದಂಡೆಗೆ ಇಳಿದಿದ್ದ. ದೂರದಲ್ಲಿ ಬಂಗಡೆಯ ಹಿಂಡಿನಿಂದ ನೀರು ಒಂದು ಕಡೆ ಕೆಂಪು ಛಾಯೆಯಲ್ಲಿ ಕುದಿಯುತ್ತಿತ್ತು. ಈ ಗಳಿಗೆ ಯಾರಾದರೂ ಬಂದು ತನ್ನನ್ನು ಕುರ್ಚಿಗೆ ಕರೆದರೆ ಕಚ್ಚುತ್ತೇನೆ ಎಂದುಕೊಂಡ. ಅಷ್ಟು ಮಾಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತನ್ನ ಕೈ ಏನೆಂದು ಇವರಿಗೆ ಒಮ್ಮೆ ತೋರಿಸಬೇಕು ಎಂಬ ಹುಚ್ಚು ಹೊಕ್ಕಿತು. ಹಿಂದೆಯೇ ಒಂದು ಗಾಳಿಮರವಿತ್ತು. ಪಂಪು ಎತ್ತುವಾಗ ಸಿಕ್ಕಷ್ಟು ಹಗ್ಗವನ್ನು ಮರಕ್ಕೊಂದು ಸುತ್ತು ಹಾಕಿ ಭದ್ರ ಮಾಡಿಕೊಳ್ಳುವುದು ಅವನ ಕಸುಬಿನ ಮೊದಲ ಪಾಠ. ಬಂದದ್ದು ಹಿಂದೆ ಹೋಗಕೂಡದು, ಸಡಿಲ ಬಿಟ್ಟರೆ ಬಾವಿಯ ತಳಕ್ಕೇ. ಸೋಮು ಬಾಲದ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿದ, ನೋಡಿದ, ಮತ್ತೊಂದು ಸುತ್ತು ಹಾಕಿ ತುದಿಯನ್ನು ಕಾಲಡಿ ಒತ್ತಿ ನಿಂತ. ಕೆಲಸ ಎಂದರೆ ಇದು, ಎಂದು ಮನಸ್ಸಿನಲ್ಲೇ ಎಲ್ಲರಿಗೂ ಹೇಳಿದ.

ಆಗಲೇ ಆ ದೊಡ್ಡ ತೆರೆ ಬಂತು. "ಸಡ್ಲ ಬಿಡೀ! ಸಡ್ಲ!" ಎಂದು ಪುಂಡಲೀಕ ನೀರಿನಂಚಿನಿಂದ ಕೂಗಿದ, ಮೂವತ್ತು ಕೈಗಳು ಹಗ್ಗವನ್ನು ತೆರೆಗೆ ಬಿಟ್ಟುಕೊಟ್ಟವು, ಗಾಳಿಮರ ಬಿಟ್ಟುಕೊಡಲಿಲ್ಲ. ಹಗ್ಗ ವೀಣೆಯ ತಂತಿಯಂತೆ ಬಿಗಿದು ನೀರು ಚಿಮ್ಮಿಸಿತು. ಎಲ್ಲೋ ಬಟ್ಟೆ ಹರಿದಂತೆ ಉದ್ದಕ್ಕೆ ಒಂದು ಸದ್ದು. ಬಲೆಯ ತೆಂಕಣ ಸೆರಗು ತಳದಿಂದ ಎದ್ದು ಹರಿಯಿತು. ಆ ಹರಕಿನಿಂದ ಬಂಗಡೆಗಳು ಬೆಳ್ಳಿ ಚೆಲ್ಲಿದಂತೆ ಹೊರಗೆ ಹಾರಿ, ಹಾರಿ, ಹೊರಟೇ ಹೋದವು. ಸೋಮು ಸುತ್ತು ಬಿಚ್ಚಲು ಹೋದ. ಬಿಗಿದ ಹಗ್ಗ ತೊಗಟೆಗೆ ಕಚ್ಚಿಕೊಂಡಿತ್ತು, ಬಿಚ್ಚಲಾಗಲಿಲ್ಲ.

"ಯಾವ ಬೋಳಿಮಗ್ನೋ ಅಂವ, ಹಗ್ಗ ಮರಕ್ಕೆ ಸುತ್ತಿದಂವ!" ಎನ್ನುತ್ತ ಪುಂಡಲೀಕ ದಂಡೆಯುದ್ದಕ್ಕೆ ಓಡಿ ಬಂದ. ಜನ ದಾರಿ ಬಿಟ್ಟರು. ಹತ್ತಿರ ಬಂದ, ನೋಡಿದ, ನಿಂತ. ಬಾಯಿ ಮುಂದಿನ ಬೈಗುಳಕ್ಕೆ ತೆರೆದಿತ್ತು, ಹಾಗೇ ಉಳಿಯಿತು. ಆಮೇಲೆ ಆ ಮುಖದಲ್ಲಿ ಆಗತೊಡಗಿದ್ದನ್ನು ಸೋಮು ಬಲೆ ಹರಿದದ್ದಕ್ಕಿಂತ ಹೆಚ್ಚಿನ ಭಯದಿಂದ ನೋಡಿದ. ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ಕುತ್ತಿಗೆಯ ನರ ಇಳಿಯುತ್ತಿತ್ತು. ತುಟಿಯ ಅಂಚಿನಲ್ಲಿ ಮರ್ಯಾದೆ ಒಂದು ಇರುವೆಯಂತೆ ಹತ್ತಿ ಬರುತ್ತಿತ್ತು. ಇನ್ನೊಂದು ಉಸಿರಿನಲ್ಲಿ ಈ ಮನುಷ್ಯ "ಹೋಗ್ಲಿ ಬಿಡಿ" ಎನ್ನುತ್ತಾನೆ. ಅಂದುಬಿಟ್ಟರೆ ಮುಗಿಯಿತು. ಅಂದುಬಿಟ್ಟರೆ ತಾನು ಸಾಯುವ ತನಕ ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿರಬೇಕು, ಹೆಣವನ್ನೂ ಅದರಲ್ಲೇ ಕೂರಿಸಿ ಹೊರುತ್ತಾರೆ. ಬೇಡ ಮಾವಾ, ಬೇಡ, ಎಂದು ಅವನು ಒಳಗೇ ಬೇಡಿಕೊಂಡ; ಜನ್ಮದಲ್ಲಿ ಯಾವ ದೇವರನ್ನೂ ಹೀಗೆ ಬೇಡಿದ್ದಿಲ್ಲ. ಪುಂಡಲೀಕ ಉಗುಳು ನುಂಗಿದ. "ಅಲ್ಲ… ನೀವು…" ಎಂದ. ಅಷ್ಟರಲ್ಲಿ ಅವನ ಹಿಂದೆ ನೀರಿನಲ್ಲಿ, ಕೈಯಳತೆಯ ಒಂದು ಬಂಗಡೆ ಹರಕಿನಿಂದ ನೆಗೆದು, ಬಿಸಿಲಲ್ಲಿ ಒಮ್ಮೆ ಪೂರ್ತಿ ಹೊಳೆದು, ಸಮುದ್ರ ಸೇರಿತು. ತಾಂಡೇಲ ತಿರುಗಿ ಅದನ್ನು ನೋಡಿದ. ಮತ್ತೆ ಇತ್ತ ತಿರುಗಿದಾಗ ಇರುವೆ ಇರಲಿಲ್ಲ.

"ಕಣ್ಣ್ ಒಡ್ದದ್ಯೇನೋ ನಿಂಗೆ? ಕಿವಿಗೆ ಮಣ್ಣ್ ತುಂಬ್ಕಂಡೀಯೇನೋ? ಸಡ್ಲ ಬಿಡಿ ಹೇಳಿ ಗಂಟ್ಲ್ ಹರ್ಕಂಡೆ ನಾ! ಇದೇನ್ ನಿನ್ ಬಾವಿಯೇನೋ, ನಿನ್ ಪಂಪೇನೋ? ಸಮುದ್ರ ಕಾಣಾ ಇದು, ಸಮುದ್ರ! ಅನ್ನ ತಿಂತೀಯೋ ಹುಲ್ಲ್ ತಿಂತೀಯೋ? ಕೋಣಾ! ಇಂಥಾ ದಂಡಪಿಂಡನ್ನ ತಂದು ಮನೇಲಿ ಇಟ್ಕಂಡೀನಲಾ ನಾ, ನನ್ ಹಣೆಬರ ನೋಡು!"

ಮನೇಲಿ ಇಟ್ಕಂಡೀನಲಾ. ನಾಲ್ಕು ವರ್ಷ ಯಾರ ಬಾಯಿಂದ ಯಾವಾಗ ಬೀಳುತ್ತದೋ ಎಂದು ಹೆದರಿ ಕಾದಿದ್ದ ಮಾತು ಅದೇ. ಬಿದ್ದ ಮೇಲೆ ನೋಡಿದರೆ ಅದರಲ್ಲಿ ತೂಕವೇ ಇರಲಿಲ್ಲ. ಅದು ಕಿವಿಯ ಪಕ್ಕ ಗಾಳಿಯಂತೆ ಹಾದು ಹೋಯಿತು. ಸೋಮುವಿನ ಎದೆಯೊಳಗೆ ಏನೋ ಬಿಸಿಯಾಗಿ ಏರಿ ಕಣ್ಣಿಗೆ ಬಂತು, ಮುಖ ಅಗಲವಾಗತೊಡಗಿತು; ನಗಬಾರದು, ನಕ್ಕರೆ ಇದು ಕೆಟ್ಟುಹೋಗುತ್ತದೆ ಎಂದು ಕೆನ್ನೆ ಕಚ್ಚಿಕೊಂಡ. "ನೋಡ್ತಾ ನಿಂತೀಯಲಾ, ಹಿಡಿಯಾ ಹಗ್ಗ!" ಎಂದು ಪುಂಡಲೀಕ ಅವನ ಬೆನ್ನಿಗೊಂದು ಗುದ್ದಿದ. ಒದ್ದೆ ಬೆನ್ನಿನ ಮೇಲೆ ಗುದ್ದು ದೊಡ್ಡದಾಗಿ ಸದ್ದು ಮಾಡಿತು. ಸೋಮು ಹಗ್ಗ ಹಿಡಿದ. ಎಳೆ ಎಂದಾಗ ಎಳೆದ, ಬಿಡು ಎಂದಾಗ ಎಲ್ಲರಿಗಿಂತ ಮೊದಲು ಬಿಟ್ಟ, ಮೊದಲು ಬಿಟ್ಟದ್ದಕ್ಕೂ ಬೈಸಿಕೊಂಡ.

ಬಲೆ ದಂಡೆಗೆ ಬಂತು. ಹೋದದ್ದು ಹೋದರೂ ಉಳಿದದ್ದು ಕಡಿಮೆಯೇನಿರಲಿಲ್ಲ. ನೀಲಿ ಬೆನ್ನಿನ ಬಂಗಡೆಗಳು ಮರಳಿನ ಮೇಲೆ ಪಟಪಟ ಹೊಡೆದುಕೊಂಡವು, ಕಾಗೆ, ಹದ್ದು, ಹೆಂಗಸರು ಒಟ್ಟಿಗೆ ಇಳಿದರು. ಪಾಲು ಹಾಕುವಾಗ ದತ್ತಾ ಎಂಬ ಪಕ್ಕದ ಮನೆಯವ, ಹಗ್ಗದಲ್ಲಿ ಸೋಮುವಿನ ಮುಂದೆಯೇ ನಿಂತಿದ್ದವ, ಕೇಳಿದ: "ತಾಂಡೇಲಾ, ಬಲೆ ಹರ್ದಂವಂಗೂ ಒಂದ್ ಪಾಲಾ?" ಪುಂಡಲೀಕ ತಲೆ ಎತ್ತಲಿಲ್ಲ. "ಕೈ ಹಚ್ಚಿಯೇ ಹರ್ದದ್ದಲಾ ಅಂವ," ಎಂದ. ಜನ ನಕ್ಕರು. ಎಲ್ಲರದರಷ್ಟೇ ಒಂದು ರಾಶಿ, ದೊಡ್ಡದೂ ಅಲ್ಲ, ಆರಿಸಿದ್ದೂ ಅಲ್ಲ, ಒಂದೆರಡು ಜಜ್ಜಿದ್ದೂ ಸೇರಿ, ಸೋಮುವಿನ ಕಾಲ ಹತ್ತಿರ ಬಿತ್ತು. ಅವನು ಲುಂಗಿಯ ಮಡಿಲಿಗೇ ತುಂಬಿಕೊಂಡ.

ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು. ಕಾಶಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ತಡೆದಿಟ್ಟದ್ದೆಲ್ಲ ಒಡೆದುಕೊಂಡಿತು. "ಗಡಿಗೆ ಒಡ್ದಾಗ್ಲೇ ಗೊತ್ತಾಗಿತ್ತು ನಂಗೆ ಈ ಕೈಯೆಂಥದು ಹೇಳಿ! ನನ್ನತ್ತಿ ಕಾಲದ ಗಡಿಗೆ! ಒಂದ್ ಮಾತಾಡ್ದೇ ನುಂಗ್ಕಂಡೆ, ಇಲ್ಲಿ, ಇಲ್ಲಿ ಕಟ್ಕಂಡು ಕೂತದೆ ಇನ್ನೂ!" ಎಂದು ಎದೆ ತೋರಿಸಿದಳು. ಗಡಿಗೆಯಿಂದ ಚಪ್ಪಲಿಗೆ ಬಂದಳು, ಚಪ್ಪಲಿಯಿಂದ ದೀಪ ಆರಿಸದೆ ಮಲಗುವುದಕ್ಕೆ, ಅಲ್ಲಿಂದ ಅವನ ಗೊರಕೆಗೆ. ನಾಲ್ಕು ವರ್ಷದ ಬಾಕಿ ಅವಳಿಗೆ ಬಾಯಿಪಾಠವಾಗಿತ್ತು. ಬಾಗಿಲ ಸಂದಿಯಿಂದ ಇಣುಕಿದ ಪ್ರಗತಿ ಗಂಡನಿಗೆ ಏನಾದರೂ ಆಗಿದೆಯೇ ಎಂದು ನೋಡಿದಳು. ಗಂಡ ಮಡಿಲ ತುಂಬ ಮೀನು ಹಿಡಿದು, ಹರಕೆ ತೀರಿದವನಂತೆ ಹೊಳೆಯುತ್ತಿದ್ದ. "ಎಂತಾ ನಗಾಡ್ತೀರಿ? ಆಯಿಗೆ ಕಂಡ್ರೆ ಮತ್ತೂ ಸಿಟ್ಟ್ ಬರ್ತದೆ," ಎಂದು ಪಿಸುಗುಟ್ಟಿದಳು. "ಬರ್ಲಿ," ಎಂದ ಸೋಮು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನೆಲಕ್ಕೆ ಕೂತರು. ಕುರ್ಚಿ ಎಲ್ಲಿದೆಯೆಂದು ಯಾರಿಗೂ ನೆನಪಾಗಲಿಲ್ಲ. ಕುಚಲಕ್ಕಿ ಅನ್ನ, ಕೊಬ್ಬರಿ ಮೆಣಸು ಅರೆದು ಮಾಡಿದ ಕೆಂಪು ಸಾರು, ಅದಕ್ಕೆ ಜಜ್ಜಿ ಹಾಕಿದ ಜುಮ್ಮನಕಾಯಿಯ ಘಮ. ಹೊರಗೆ ಬಿಸಿಲು ಚಳಿಗಾಲದ ಹದಕ್ಕೆ ಬಂದು, ಅಂಗಳದಲ್ಲಿ ಒಣಹಾಕಿದ್ದ ಗೋದಡಿಗಳ ಮೇಲೆ ಮಲಗಿತ್ತು. "ಅರ್ಧಕ್ಕರ್ಧ ಸಮುದ್ರಕ್ಕೇ ಹೋಯ್ತು," ಎಂದ ಪುಂಡಲೀಕ, ಮೊದಲ ತುತ್ತಿಗೆ. "ಇಂಥಾ ಬಂಗ್ಡೆ ಈ ವರ್ಷ ಬಂದಿರ್ಲಿಲ್ಲ," ಎಂದ, ಎರಡನೆಯದಕ್ಕೆ. ನಿತೇಶ, "ದೋಣೀಲಿ ನಾವು ನೋಡ್ತೇ ಇದ್ವಿ, ಭಾವ ಮರಾ ತಬ್ಕಂಡಿ ನಿಂತಿದ್ರು," ಎಂದ. ಪ್ರೇಕ್ಷಾ ಎದ್ದು ಕಂಬ ತಬ್ಬಿಕೊಂಡು ತೋರಿಸಿದಳು. "ಮರಕ್ಕೆ ಸುತ್ತೂದಂತೆ! ಮರಕ್ಕೆ!" ಎಂದು ಪುಂಡಲೀಕ ಅನ್ನಕ್ಕೆ ಹೇಳಿದ.

ಸೋಮು ಮುಳ್ಳು ಬಿಡಿಸುತ್ತಿದ್ದವನು ತಲೆ ಎತ್ತಿದ. ಆಡಬೇಕೆಂದು ಯೋಚಿಸಿರಲಿಲ್ಲ, ಮಾತು ತಾನೇ ಎದ್ದು ಬಂತು. "ಮಾವಾ, ಹೋದದ್ದು ಹೋಯ್ತಲಾ. ಆಗಿಂದ ಒಂದೇ ಪುರಾಣ. ಅಷ್ಟು ಜನ ಎಳೀವಲ್ಲಿ ಹಗ್ಗದ ಬಾಲಕ್ಕೆ ಗೊತ್ತಿದ್ದ ಒಬ್ಬಂವನ್ನ ನಿಲ್ಸೂಕಾಗ್ಲಿಲ್ವಾ ತಾಂಡೇಲ್ರಿಗೆ?"

ಸೌಟು ಗಾಳಿಯಲ್ಲಿ ನಿಂತಿತು. ಪ್ರಗತಿ ಗಂಡನ ತೊಡೆ ಚಿವುಟಿದಳು. ಪುಂಡಲೀಕ ನಿಧಾನವಾಗಿ ತಿರುಗಿದ.

"ಏನಂದೆ?"

"ಕೇಳ್ಸ್ತಲಾ."

"ಕೇಳ್ದ್ಯೇನೇ?" ಎಂದು ಪುಂಡಲೀಕ ಹೆಂಡತಿಯ ಕಡೆ ಕೈ ಮಾಡಿದ. "ನನ್ ಮನೇಲಿ ಕೂತು, ನನ್ ಬಂಗ್ಡೆ ತಿಂದು, ನಂಗೇ ಹೇಳ್ತಾ ಅಂವ!"

"ನಿಮ್ ಬಂಗ್ಡೆ ಆ ತಪ್ಲೇಲಿ ಅದೆ," ಎಂದ ಸೋಮು. "ಇದು ನನ್ ಪಾಲಿಂದು."

ನಿತೇಶನಿಗೆ ಅನ್ನ ನೆತ್ತಿಗೆ ಹತ್ತಿತು. ಪುಂಡಲೀಕನ ಹುಬ್ಬುಗಳು ಮೇಲೇರಿದವು, ಬಾಯಿ ತೆರೆಯಿತು. ಈ ಸಲ ಅದರಲ್ಲಿ ಹಿಂಜರಿಕೆಯ ಸುಳಿವಿರಲಿಲ್ಲ. ಅವನು ಮೊಣಕಾಲಿನ ಮೇಲೆ ಕೈಯೂರಿ, ದೊಡ್ಡದೊಂದು ಬೈಗುಳಕ್ಕೆ ಸರಿಯಾಗಿ ಆಸನ ಬದಲಿಸಿಕೊಂಡ. ಅಷ್ಟರಲ್ಲಿ ಕಾಶಿ ಸೌಟಿನಿಂದ ಪಾತ್ರೆಯ ಅಂಚಿಗೆ ಠಣ್ಣೆಂದು ಹೊಡೆದಳು.

"ಇಬ್ರೂ ಬಾಯ್ ಮುಚ್ಕಂಡಿ ಉಣ್ಣಿ! ಒಬ್ಬಂವನ್ನ ಸಂಭಾಳ್ಸೂದ್ರಲ್ಲೇ ನನ್ ಜೀವ ಹೋಗಿತ್ತು."

ಸೋಮು ಬಾಯಿ ಮುಚ್ಚಲಿಲ್ಲ.